ಪರಿಸರ ವಿಜ್ಞಾನದ ಪಠ್ಯಕ್ರಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ಅಧ್ಯಯನ ಮಂಡಳಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಎರಡು ಹುದ್ದೆಗೆ ಹನ್ನೊಂದು ಮಂದಿಯ ಸಂದರ್ಶನ ಮಾಡಿದೆವು. ಎಲ್ಲರೂ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದವರು. ನಾಲ್ಕೈದು ವಿಶ್ವವಿದ್ಯಾಲಯಗಳಿಂದ ಬಂದಿದ್ದರು, ಇಬ್ಬರು ಚಿನ್ನದ ಪದಕದವರು. ಎಲ್ಲರಿಗೂ ನಾನು ಕೇಳಿದ ಮೊದಲ ಪ್ರಶ್ನೆ ಒಂದೇ, ಬಿಒಡಿ ಬಗ್ಗೆ. ನೀರಿನಲ್ಲಿರುವ ಕೊಳೆ ತಿನ್ನಲು ಸೂಕ್ಷ್ಮಾಣುಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ ಅದು. ಬಿಒಡಿ ಬಾಟಲಿಯನ್ನು ಇನ್‌ಕ್ಯುಬೇಟರಿನಲ್ಲಿ ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇಡುತ್ತೀರಿ? ಹತ್ತು ಮಂದಿ ಯೋಚಿಸದೆ ಹೇಳಿದರು, "20 ಡಿಗ್ರಿ, 5 ದಿನ."

ತಪ್ಪು ಅಂತ ಹೇಳಲಾರೆ. ಪುಸ್ತಕದಲ್ಲಿ ಹಾಗೇ ಇದೆ. ಬ್ರಿಟನ್ನಿನ ನದಿಗಳು ಸಮುದ್ರ ಸೇರುವುದಕ್ಕೆ ಐದು ದಿನಕ್ಕಿಂತ ಹೆಚ್ಚು ಬೇಕಾಗುವುದಿಲ್ಲ ಎಂಬ ಲೆಕ್ಕದಲ್ಲಿ ನೂರು ವರ್ಷಕ್ಕೂ ಹಿಂದೆ ಅಲ್ಲಿಯವರು ಆ ಐದು ದಿನವನ್ನು ಹಿಡಿದರು ಎನ್ನುತ್ತಾರೆ. ನಮ್ಮ ಸೆಖೆಗೆ, ನಮ್ಮ ನೀರಿಗೆ ಭಾರತೀಯ ಮಾನಕ ಹೇಳುವುದು 27 ಡಿಗ್ರಿ, 3 ದಿನ. ರಾಜ್ಯದ ಯಾವುದೇ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ ತೆಗೆದು ನೋಡಿ, ಬಿಒಡಿ ಮಿತಿಯ ಪಕ್ಕದಲ್ಲಿ ಅದೇ ಇರುತ್ತದೆ. ಹನ್ನೊಂದನೆಯ ಹುಡುಗಿ ಮಾತ್ರ "27, 3 ದಿನ" ಅಂದಳು. ಎಲ್ಲಿ ಕಲಿತೆ ಅಂತ ಕೇಳಿದೆ. "ರಜೆಯಲ್ಲಿ ನಮ್ಮ ಮಾವನ ಲ್ಯಾಬಿನಲ್ಲಿ ಬಾಟಲಿ ತೊಳೀತಿದ್ದೆ ಮೇಡಂ," ಅಂದಳು. ಅವಳಿಗೆ ಕೆಲಸ ಸಿಕ್ಕಿತು. ಇನ್ನೊಂದು ಹುದ್ದೆ ಹಾಗೇ ಖಾಲಿ ಇದೆ.

ಮಾವ ಇಲ್ಲದ ಮಕ್ಕಳ ಪರವಾಗಿ ಈ ಪತ್ರ.

ಇಂಥ ಪತ್ರವನ್ನು ಸಾಮಾನ್ಯವಾಗಿ ಮಂತ್ರಿಗಳಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಈ ಓದಿನಿಂದ ಬದುಕು ಕಟ್ಟಿಕೊಳ್ಳಲು ಹೊರಟ ಹುಡುಗ ಹುಡುಗಿಯರ ಕೈಗೆ ಏನು ಕೊಡಬೇಕು ಎಂಬುದು ತೀರ್ಮಾನವಾಗುವುದು ವಿಧಾನಸೌಧದಲ್ಲಿ ಅಲ್ಲ, ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ, ಚಹಾ ಬಿಸ್ಕತ್ತಿನ ನಡುವೆ ನೀವು ಏಳೆಂಟು ಜನ ಕೂರುವ ಆ ಅರ್ಧ ದಿನದ ಸಭೆಯಲ್ಲಿ. ಈಗ ನಾಲ್ಕು ವರ್ಷದ ಪದವಿ ಹೋಗಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದ್ದೇವೆ. ಪಠ್ಯಕ್ರಮವನ್ನು ಮತ್ತೊಮ್ಮೆ ಬರೆಯುವ, ಹಳೆಯ ಘಟಕಗಳನ್ನು ಕಡತದಿಂದ ಕಡತಕ್ಕೆ ನಕಲು ಮಾಡುವ ಕಾಲ. ನಕಲು ಮಾಡುವ ಮುಂಚೆ ಇದನ್ನು ಒಮ್ಮೆ ಓದಿ ಅಂತ ನನ್ನ ಕೋರಿಕೆ.

ನನ್ನ ಬಗ್ಗೆ ಎರಡು ಮಾತು. ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟದ ಮನೆಯವಳು. 2008ರಲ್ಲಿ ಎಂ.ಎಸ್ಸಿ. ಮುಗಿಸಿದೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ, ಮೇಷ್ಟ್ರುಗಳು ಒಳ್ಳೆಯವರಿದ್ದರು. ಫಲಿತಾಂಶ ಬಂದ ದಿನ ಅಮ್ಮ ಕೇಳಿದ್ದು, "ಪರಿಸರ ಅಂದ್ರೆ ಗಿಡ ನೆಡೋದೇನೇ? ಅದಕ್ಕೆ ಎರಡು ವರ್ಷ ಓದ್ಬೇಕಾಗಿತ್ತಾ?" ಮೊದಲ ಸಂಬಳ 6,500 ರೂಪಾಯಿ. ಕೆಲಸ, ನೀರು ಗಾಳಿಯ ಮಾದರಿ ತರುವುದು. ಆಮೇಲೆ ಲ್ಯಾಬು, ಆಮೇಲೆ ಪರಿಸರ ಪರಿಣಾಮ ಅಂದಾಜು ವರದಿಗಳು, ಈಗ ಕಾರ್ಖಾನೆ ಮತ್ತು ಅಪಾರ್ಟ್‌ಮೆಂಟುಗಳ ಸಂಸ್ಕರಣಾ ಘಟಕಗಳನ್ನು ನೋಡಿಕೊಳ್ಳುವ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೇನೆ. ಅಮ್ಮ ಈಗ ಊರಿನಲ್ಲಿ "ನನ್ನ ಮಗಳು ಚರಂಡಿ ಡಾಕ್ಟ್ರು" ಅಂತ ಹೇಳಿಕೊಂಡು ತಿರುಗುತ್ತಾಳೆ. ಇದಕ್ಕಿಂತ ಸರಿಯಾದ ಪದನಾಮ ನನ್ನ ವಿಸಿಟಿಂಗ್ ಕಾರ್ಡಿನಲ್ಲೂ ಇಲ್ಲ.

ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಮಂದಿ ಇದ್ದೆವು. ಮೂವರು ಲ್ಯಾಬುಗಳಲ್ಲಿದ್ದಾರೆ. ಇಬ್ಬರು ಕೈಗಾರಿಕೆಗಳಲ್ಲಿ ಇಎಚ್‌ಎಸ್ ಅಧಿಕಾರಿಗಳು, ಅಂದರೆ ಪರಿಸರದ ಜೊತೆಗೆ ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್, ಕ್ಯಾಂಟೀನಿನ ಕುಡಿಯುವ ನೀರು ಎಲ್ಲವೂ ಅವರ ಹೆಗಲಿಗೆ. ಅದಕ್ಕಾಗಿ ಇಬ್ಬರೂ ಕೆಲಸ ಮಾಡಿಕೊಂಡೇ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡಿಕೊಳ್ಳಬೇಕಾಯಿತು. ಒಬ್ಬಳು ಬೆಂಗಳೂರಿನ ಗಾಜಿನ ಕಟ್ಟಡವೊಂದರಲ್ಲಿ ಕೂತು ದೊಡ್ಡ ಕಂಪನಿಗಳ ಸುಸ್ಥಿರತೆ ವರದಿ ಬರೆಯುತ್ತಾಳೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಇಂಥ ವರದಿ ಕೊಡಲೇಬೇಕು ಎಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದ ಮೇಲೆ ನಮ್ಮ ಓದಿಗೆ ಸಿಕ್ಕ ಹೊಸ ಬಾಗಿಲು ಅದು. ಸಂಬಳ ನನ್ನ ಎರಡರಷ್ಟು. ಒಬ್ಬ ಗುತ್ತಿಗೆ ಉಪನ್ಯಾಸಕ. ಇಬ್ಬರು ಬ್ಯಾಂಕು, ಒಬ್ಬ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಉಳಿದವರು ಏನು ಮಾಡುತ್ತಿದ್ದಾರೋ ವಾಟ್ಸಾಪ್ ಗುಂಪಿನಲ್ಲಿ ಹೇಳುವುದಿಲ್ಲ, ಜೂನ್ 5ಕ್ಕೆ ಮಾತ್ರ ಸಸಿಯ ಚಿತ್ರ ಹಾಕುತ್ತಾರೆ.

ಬಾಗಿಲುಗಳು ಮುಚ್ಚಿರುವುದೂ ನಿಜ, ಅವೆಲ್ಲವೂ ನಿಮ್ಮ ಕೈಯಲ್ಲಿಲ್ಲ ಎಂಬುದೂ ಗೊತ್ತು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಓದಿರಬೇಕಾದ ವಿಷಯಗಳ ಪಟ್ಟಿಯಲ್ಲಿ ಪಶುವೈದ್ಯಕೀಯ ಇದೆ, ಸಂಖ್ಯಾಶಾಸ್ತ್ರ ಇದೆ, ಗಣಿತ ಇದೆ, ಎಂಜಿನಿಯರಿಂಗ್ ಇದೆ, ಪರಿಸರ ವಿಜ್ಞಾನ ಇಲ್ಲ. ಸಸ್ಯಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಜೊತೆಗೆ ಓದಿದವರು ಆ ಬಲದ ಮೇಲೆ ಒಳಗೆ ಹೋಗಬೇಕು. ಆದರೆ 1986ರ ಪರಿಸರ ಸಂರಕ್ಷಣಾ ನಿಯಮಗಳು ಸರ್ಕಾರಿ ವಿಶ್ಲೇಷಕರ ಅರ್ಹತೆ ಹೇಳುವಾಗ ಪರಿಸರ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಹೆಸರಿಟ್ಟು ಬರೆದಿವೆ, ಜೊತೆಗೆ ಲ್ಯಾಬಿನಲ್ಲಿ ಎರಡು ವರ್ಷದ ಅನುಭವ ಕೇಳಿವೆ. ಈ ಷರತ್ತನ್ನು ಸ್ವಲ್ಪ ಗಮನಿಸಿ. ಕಾನೂನು ಬರೆದವರಿಗೂ ಗೊತ್ತಿತ್ತು, ಪದವಿಯೊಂದರಿಂದ ಆಗುವ ಕೆಲಸ ಇದಲ್ಲ ಅಂತ.

ಇನ್ನು ಪದವಿ ತರಗತಿಗಳ ಕಡ್ಡಾಯ ಪರಿಸರ ಅಧ್ಯಯನದ ಕಥೆ. ಪರಿಸರ ಶಿಕ್ಷಣ ಎಲ್ಲರಿಗೂ ಸಿಗಬೇಕು ಎಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 2003ರಲ್ಲಿ ಮತ್ತೆ ಚಾಟಿ ಬೀಸಿದ ಮೇಲೆ ಯುಜಿಸಿಯ ಆರು ತಿಂಗಳ ಪತ್ರಿಕೆ ದೇಶದ ಕಾಲೇಜುಗಳಿಗೆಲ್ಲ ಬಂತು. ನಾವು ಹತ್ತೊಂಬತ್ತು ಮಂದಿ ಆಗ ಲೆಕ್ಕ ಹಾಕಿದ್ದೆವು: ಇಷ್ಟು ಕಾಲೇಜು, ಕಾಲೇಜಿಗೊಬ್ಬರು ಅಂದರೂ ಕೆಲಸಕ್ಕೆ ಬರವಿಲ್ಲ. ಆಮೇಲೆ ಗೊತ್ತಾಯಿತು, ಪತ್ರಿಕೆ ಬಂತೇ ಹೊರತು ಹುದ್ದೆ ಬರಲಿಲ್ಲ. ನಾನು ಅತಿಥಿ ಉಪನ್ಯಾಸಕ್ಕೆ ಅಂತ ಹೋಗಿದ್ದ ಒಂದು ಕಾಲೇಜಿನಲ್ಲಿ ಆ ಪತ್ರಿಕೆಯನ್ನು ಪಾಠ ಮಾಡುತ್ತಿದ್ದವರು ಇತಿಹಾಸದ ಮೇಷ್ಟ್ರು, ಅವರಿಗೆ ಕಾರ್ಯಭಾರ ಕಡಿಮೆ ಇತ್ತು ಎಂಬ ಕಾರಣಕ್ಕೆ. ಪಾಪ, ಚೆನ್ನಾಗಿಯೇ ಮಾಡುತ್ತಿದ್ದರು, ಓಝೋನ್ ಪದರದಿಂದ ಅಶೋಕ ನೆಡಿಸಿದ ಸಾಲುಮರಗಳಿಗೆ ಹೋಗಿಬಿಡುತ್ತಿದ್ದರು. ಇದನ್ನು ಸರಿಮಾಡುವುದು ಸರ್ಕಾರದ ಕೆಲಸ, ಅದಕ್ಕೆ ಬೇರೆ ಪತ್ರ ಬರೆಯಬೇಕು.

ನಿಮ್ಮಿಂದ ಆಗುವ ಕೆಲಸಕ್ಕೆ ಬರುತ್ತೇನೆ.

ನಾನು ಎರಡು ವರ್ಷದಲ್ಲಿ ಕಲಿಯದ್ದನ್ನು ಒಂದು ರಾತ್ರಿಯಲ್ಲಿ ಕಲಿಸಿದವರು ಸಿರವಾರ ಕಡೆಯ ಒಬ್ಬ ಅಣ್ಣ. ಹತ್ತನೆಯ ತರಗತಿವರೆಗೆ ಓದಿದವರು. ಬೆಂಗಳೂರಿನ ಪೂರ್ವದಲ್ಲಿ ಸುಮಾರು ಮುನ್ನೂರು ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದ, ಆಪರೇಟರು. ಎರಡನೇ ನೆಲಮಾಳಿಗೆಯಲ್ಲಿ, ಕಾರುಗಳ ಹಿಂದೆ, ಒಂದು ಕಬ್ಬಿಣದ ಬಾಗಿಲು ತೆಗೆದರೆ ಅವರ ಸಾಮ್ರಾಜ್ಯ. ಮೇಲಿನವರು ಶವರ್ ತಿರುಗಿಸಿದ ನೀರು, ಫ್ಲಶ್ ಒತ್ತಿದ ನೀರು, ಎಲ್ಲ ಅಲ್ಲಿಗೆ. ಆ ದಿನ ಸಂಜೆಯಿಂದ ಟ್ಯಾಂಕಿನ ಮೇಲೆ ಬಿಳಿ ನೊರೆ ಏಳುತ್ತಿತ್ತು, ನಾಲ್ಕನೇ ಮಹಡಿಯವರೆಗೆ ವಾಸನೆ ಅಂತ ದೂರು. ರಾತ್ರಿ ಒಂಬತ್ತಕ್ಕೆ ನಾನು ಹೋದೆ. ಚೀಲದಲ್ಲಿ ಪಿಎಚ್ ಮೀಟರ್, ತಲೆಯಲ್ಲಿ ಕ್ರಿಯಾಶೀಲ ಕೆಸರು ವಿಧಾನದ ಸಮೀಕರಣಗಳು. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಅಣ್ಣ ಒಂದು ಪ್ಲಾಸ್ಟಿಕ್ ಮಗ್‌ನಲ್ಲಿ, ಗಾಳಿ ಊದುವ ಏರೇಶನ್ ಟ್ಯಾಂಕಿನ ನೀರು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ಮೂಸ್ರಿ ಮೇಡಂ. ಹೇಸಿಗಿ ಪಟ್ಕೋಬ್ಯಾಡ್ರಿ. ಮೊದಲ ಮಳಿ ಬಿದ್ದ ಮಣ್ಣಿನ ವಾಸನಿ ಬಂದ್ರ ಹುಳ ಚೊಲೋ ಅದಾವು. ಕೊಳ್ತ ತತ್ತಿ ವಾಸನಿ ಬಂತಂದ್ರ ಗಾಳಿ ಸಾಲವಲ್ದು." ಹುಳ ಅಂದರೆ ಸೂಕ್ಷ್ಮಾಣುಗಳು. ನಾನು ಮೂಸಿದೆ. ಕೊಳೆತ ತತ್ತಿಯೇ. ಎರಡು ಬ್ಲೋವರುಗಳಲ್ಲಿ ಒಂದರ ಬೆಲ್ಟ್ ಹರಿದು ಮೂರು ದಿನವಾಗಿತ್ತು, ಇನ್ನೊಂದನ್ನು ಕರೆಂಟ್ ಬಿಲ್ಲು ಹೆಚ್ಚಾಯಿತೆಂದು ಸಂಘದವರು ರಾತ್ರಿ ನಿಲ್ಲಿಸಲು ಹೇಳಿದ್ದರು. ನನ್ನ ಮೀಟರಿಗೆ ಅದು ಯಾವುದೂ ಕಾಣುತ್ತಿರಲಿಲ್ಲ.

ಆಮೇಲೆ ಅವರು ಸಾವಿರ ಮಿಲಿಲೀಟರಿನ ಅಳತೆ ಸಿಲಿಂಡರಿಗೆ ಅದೇ ನೀರು ತುಂಬಿ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಮೂವತ್ತು ನಿಮಿಷಕ್ಕೆ ಅಲಾರಾಂ ಇಟ್ಟರು. "ಈಗ ಚಾ ಕುಡೀರಿ," ಅಂದರು. ಚಹಾ ಕುಡಿಯುತ್ತ ನೋಡಿದೆ. ಕೆಸರು, ಅಂದರೆ ಆ ಹುಳಗಳ ರಾಶಿ, ಚೆನ್ನಾಗಿದ್ದರೆ ಚಾಕೊಲೇಟ್ ಬಣ್ಣದ ಹಿಂಜಿದ ಹತ್ತಿಯ ಹಾಗೆ ಒಟ್ಟಾಗಿ ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ, ಅರ್ಧ ಗಂಟೆಗೆ 250ರಿಂದ 350ರ ಗೆರೆಗೆ ಬರುತ್ತದೆ. ಆ ರಾತ್ರಿ ಅದು ಕಪ್ಪಗೆ 120ಕ್ಕೆ ಇಳಿದು, ಮೇಲೆ ಬೂದುನೀರು ಹಾಗೇ ನಿಂತಿತು. ಹುಳಗಳಲ್ಲಿ ಸತ್ತಿದ್ದು ಸತ್ತು, ಕೊಚ್ಚಿಹೋಗಿದ್ದು ಹೋಗಿ, ಉಳಿದವು ಕಡಿಮೆ. ಅದಕ್ಕೇ ಬಿಳಿ ನೊರೆ: ತಿನ್ನುವವರು ಕಡಿಮೆಯಾಗಿ ನೀರಿನಲ್ಲಿನ ಸೋಪು ಹಾಗೇ ಉಳಿದಿದೆ. ಮೂವತ್ತು ನಿಮಿಷಕ್ಕೆ ಕೆಸರು ಎಷ್ಟು ಕೂರುತ್ತದೆ ಎಂಬ ಈ ಅಳತೆ, ಎಸ್‌ವಿ30 ಅನ್ನುವುದು, ಪರೀಕ್ಷೆಯಲ್ಲಿ ನಾನು ಐದು ಅಂಕಕ್ಕೆ ಬರೆದ ಉತ್ತರ. ಅದನ್ನು ಕಣ್ಣಲ್ಲಿ ಕಂಡದ್ದು ಆ ರಾತ್ರಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ.

ಇದೇ ನೊರೆಯ ದೊಡ್ಡ ರೂಪವನ್ನು ಆಮೇಲೆ ಇಡೀ ಜಗತ್ತು ನೋಡಿತು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದಾಗ ಬಲೆ ಕಟ್ಟಬೇಕಾಯಿತು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿದ್ದಾಗ ಸೈನಿಕರು ಬಂದು ಆರಿಸಬೇಕಾಯಿತು. ಆ ವರ್ಷಗಳಲ್ಲಿ ನನಗೆ ಫೋನ್ ಮಾಡಿದ ವಿದ್ಯಾರ್ಥಿಗಳೆಲ್ಲ ಕೇಳಿದ್ದು ಕೆರೆಯ ಬಗ್ಗೆ ಪ್ರಾಜೆಕ್ಟ್ ಮಾಡುತ್ತೇವೆ ಅಂತ. ಕೆರೆಗೆ ಬರುವ ನೀರು ಎಲ್ಲಿಂದ ಹೊರಡುತ್ತದೋ ಆ ನೆಲಮಾಳಿಗೆಗೆ ಬರುತ್ತೇವೆ ಅಂತ ಒಬ್ಬರೂ ಕೇಳಲಿಲ್ಲ. ಕೆರೆಯ ದಂಡೆ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು, ನೆಲಮಾಳಿಗೆಯಲ್ಲಿ ಬೆಳಕಿಲ್ಲ.

ಹಾಗಾದರೆ ನೆಲಮಾಳಿಗೆಯಲ್ಲಿ ಕೆಲಸ ಇದೆಯೇ ಅಂತ ಕೇಳುತ್ತೀರಿ. ಎಷ್ಟು ಬೇಕಾದರೂ ಇದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ದಿನಕ್ಕೆ 440 ದಶಲಕ್ಷ ಲೀಟರ್ ಅದರ ಯೋಜಿತ ಪ್ರಮಾಣ. ಆ ನೀರು ಸರಿಯಾಗಿ ಶುದ್ಧವಾಗಿದೆಯೋ ಇಲ್ಲವೋ ಎಂದು ಕೋಲಾರದ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ, ಕೋರ್ಟಿಗೂ ಹೋಗಿದ್ದಾರೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಮೇಲೆ, ಎಸ್‌ಟಿಪಿ ನೀರನ್ನು ವಾಸನೆ ಬರುತ್ತದೆಂದು ಮುಟ್ಟದಿದ್ದ ಅಪಾರ್ಟ್‌ಮೆಂಟಿನವರು "ಆ ನೀರು ಸರಿಮಾಡಿಕೊಡಿ" ಅಂತ ನಮ್ಮನ್ನು ಹುಡುಕಿಕೊಂಡು ಬಂದರು. ನೀರಿಗೆ ಬೆಲೆ ಬಂದ ದಿನ ನಮ್ಮ ಓದಿಗೂ ಬಂತು. ಬೇಕಾಗಿರುವುದು ಮೂಗು ಮುಚ್ಚಿಕೊಳ್ಳದವರು.

ಇನ್ನೊಂದು ವಿಷಯ ಬರೆಯುವುದಕ್ಕೆ ನನಗೆ ಕಷ್ಟ. ಆದರೆ ಅದನ್ನು ಬಿಟ್ಟರೆ ಈ ಪತ್ರ ಬರೆಯುವ ಹಕ್ಕು ನನಗಿಲ್ಲ.

2009ರ ಬೇಸಿಗೆ. ಸಂಡೂರು ಕಡೆ ಒಂದು ಗಣಿಯ ಪರಿಸರ ಪರಿಣಾಮ ವರದಿಗೆ ಗಾಳಿಯ ಮಾದರಿ ತೆಗೆಯಲು ನನ್ನನ್ನೂ ಒಬ್ಬ ಸಹಾಯಕನನ್ನೂ ಕಳಿಸಿದ್ದರು. ಗಣಿಯ ಹೆಸರೂ ಬೇಡ, ನಮ್ಮನ್ನು ಕಳಿಸಿದ ಸಂಸ್ಥೆಯ ಹೆಸರೂ ಬೇಡ. ಮಳೆಗಾಲ ಬಿಟ್ಟು ಒಂದು ಋತು, ಹನ್ನೆರಡು ವಾರ, ವಾರಕ್ಕೆ ಎರಡು ದಿನ, ದಿನಕ್ಕೆ 24 ಗಂಟೆ. ಅಂದರೆ ಒಂದೊಂದು ಜಾಗಕ್ಕೆ 24 ಅಂಕಿ. ಧೂಳು ಹಿಡಿಯುವ ಯಂತ್ರ ಹೆಚ್ಚುಕಡಿಮೆ ಒಂದು ಪೆಟ್ಟಿಗೆ ಅಂಗಡಿಯ ಎತ್ತರ, ವ್ಯಾಕ್ಯೂಮ್ ಕ್ಲೀನರಿನ ಹಾಗೆ ಕಿರುಚುತ್ತದೆ, ಮೇಲೆ ಬಿಳಿ ಫಿಲ್ಟರ್ ಹಾಳೆ. ಒಂದು ಊರಿನಲ್ಲಿ ಅದನ್ನು ಗುಡಿಯ ಪಕ್ಕದ ಮನೆಯ ಮಾಳಿಗೆ ಮೇಲೆ ಇಟ್ಟಿದ್ದೆವು. ಕರೆಂಟು ದಿನಕ್ಕೆ ಆರೇಳು ಗಂಟೆ ಇರುತ್ತಿರಲಿಲ್ಲ. ಜನರೇಟರಿಗೆ ಡೀಸೆಲ್ ದುಡ್ಡು ಕೊಟ್ಟಿರಲಿಲ್ಲ. ಬಿಳಿ ಹಾಳೆ ಬೆಳಿಗ್ಗೆ ತೆಗೆಯುವಾಗ ಇಟ್ಟಿಗೆ ಬಣ್ಣ. ಕೊನೆಗೆ ಆ ಊರಿನ ಲೆಕ್ಕದಲ್ಲಿ 15 ಅಂಕಿ ಇದ್ದವು, 9 ಕೋಣೆ ಖಾಲಿ.

ಫೋನಿನಲ್ಲಿ ನನ್ನ ಮೇಲಿನವರು ಹೇಳಿದರು, "ಅಕ್ಕಪಕ್ಕದ ದಿನಗಳದ್ದು ನೋಡ್ಕೊಂಡು ತುಂಬಿಸಿಬಿಡಮ್ಮ. ನೂರರ ಒಳಗೇ ಇರ್ಲಿ." ವಸತಿ ಪ್ರದೇಶದಲ್ಲಿ ಉಸಿರಿನ ಜೊತೆ ಒಳಹೋಗುವ ಸಣ್ಣ ಧೂಳಿಗೆ ದಿನದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಹೊಸಪೇಟೆಯ ಲಾಡ್ಜಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ಬರೆದೆ. 78. 83. 71. 88. ಎರಡು ಸಲ 83 ಬಂದರೆ ಅನುಮಾನ ಬರುತ್ತದೆಂದು ಒಂದನ್ನು 84 ಮಾಡಿದೆ. ಬರೆದು ಮುಗಿಸಿ ಸ್ನಾನಕ್ಕೆ ಹೋದೆ. ತಲೆಯಿಂದ ಇಳಿದ ನೀರು ಬಿಳಿ ಟೈಲ್ಸಿನ ಮೇಲೆ ಕೆಂಪಗೆ ಹರಿಯಿತು.

ಏನೂ ಆಗಲಿಲ್ಲ. ವರದಿ ಹೋಯಿತು, ಯಾರೂ ಏನೂ ಕೇಳಲಿಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಟಿವಿ ಮುಂದೆ ಕೂತು ನನ್ನ ಆ ಒಂಬತ್ತು ಅಂಕಿಗಳನ್ನು ನೆನೆಸಿಕೊಂಡೆ. ಅಕ್ರಮ ಗಣಿಗಾರಿಕೆಯ ಸಾವಿರ ಕೋಟಿಗಳ ಲೆಕ್ಕದಲ್ಲಿ ಅವಕ್ಕೆ ಜಾಗವಿಲ್ಲ. ಆದರೆ ಆ ಮಾಳಿಗೆ ಮನೆಯ ಅಜ್ಜಿ ರಾತ್ರಿಯಿಡೀ ಕೆಮ್ಮುತ್ತಿದ್ದುದು ನನಗೆ ಕೇಳಿತ್ತು.

ತಪ್ಪು ನನ್ನದು. ನಿಮ್ಮ ಮೇಲೆ ಹೊರಿಸುವುದಿಲ್ಲ. ಆದರೂ ಒಂದು ಮಾತು ಕೇಳಬೇಕು: ನಾಲ್ಕು ಸೆಮಿಸ್ಟರಿನಲ್ಲಿ, ಇಷ್ಟೆಲ್ಲ ಪತ್ರಿಕೆಗಳಲ್ಲಿ, ಖಾಲಿ ಕೋಣೆಯನ್ನು ಖಾಲಿ ಬಿಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. "ಕರೆಂಟು ಹೋಯಿತು, ಮಾದರಿ ಸಿಗಲಿಲ್ಲ" ಅಂತ ಬರೆಯುವುದು ಸೋಲಲ್ಲ, ಅದೂ ಒಂದು ದತ್ತಾಂಶ ಅಂತ ಯಾರೂ ಹೇಳಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ನಾವು ಕಲಿತದ್ದು ಇದಕ್ಕೆ ತೀರ ಉಲ್ಟಾ. ಟೈಟ್ರೇಶನ್ ಮೂರು ಸಲ ಮಾಡಿ ಮೂರೂ ಒಂದೇ ಬರಬೇಕು, ಬರದಿದ್ದರೆ ಅಂಕ ಹೋಗುತ್ತದೆ. ಹಾಗಾಗಿ ಬಂದದ್ದು 9.4, 9.7, 9.5 ಆದರೂ ರೆಕಾರ್ಡಿನಲ್ಲಿ ಮೂರೂ 9.5. ನನ್ನ ಮೊದಲ ಸುಳ್ಳು ಅಂಕಿ ಸಂಡೂರಿನದಲ್ಲ, ನಿಮ್ಮ ಲ್ಯಾಬಿನದು. ಸಂದರ್ಶನಕ್ಕೆ ಬಂದ ಆ ಹನ್ನೊಂದು ಮಂದಿಗೂ ಈ ಪ್ರಶ್ನೆ ಕೇಳಿದೆ: 24 ಗಂಟೆ ಓಡಬೇಕಾದ ಯಂತ್ರ 13 ಗಂಟೆ ಓಡಿ ನಿಂತುಹೋಯಿತು, ಏನು ಬರೆಯುತ್ತೀರಿ? ಐದು ಮಂದಿ "ಸರಾಸರಿ ಹಾಕ್ತೀನಿ" ಅಂದರು. ಬಾಟಲಿ ತೊಳೆದ ಹುಡುಗಿ, "ಹಾಗೇ ಬರೀತೀನಿ ಮೇಡಂ, ಬೈಯ್ತಾರಾ?" ಅಂದಳು.

ಈ ಮಾತು ಈಗ ಯಾಕೆ ತುರ್ತು ಎಂದರೆ, 2025ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಲೆಕ್ಕಪರಿಶೋಧನೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿದೆ. ಇಷ್ಟು ದಿನ ಮಾಲಿನ್ಯ ನಿಯಂತ್ರಣ ಮಂಡಳಿಯಂಥ ಸರ್ಕಾರಿ ಸಂಸ್ಥೆಗಳ ಅಧಿಕಾರಿಗಳು ಮಾಡುತ್ತಿದ್ದ ಪರಿಶೀಲನೆಯ ಜೊತೆಗೆ ಇನ್ನು ನೋಂದಾಯಿತ ಖಾಸಗಿ ಪರಿಶೋಧಕರೂ ಬರುತ್ತಾರೆ, ನಮ್ಮ ಹಣಕಾಸಿಗೆ ಲೆಕ್ಕಪರಿಶೋಧಕರಿರುವ ಹಾಗೆ. ನಮ್ಮ ಓದಿನವರಿಗೆ ಇಷ್ಟು ದೊಡ್ಡ ಬಾಗಿಲು ನನ್ನ ಕಾಲದಲ್ಲಿ ತೆರೆದಿರಲಿಲ್ಲ. ಆದರೆ ಯೋಚಿಸಿ. ಲೆಕ್ಕಪರಿಶೋಧಕರ ಓದಿನಲ್ಲಿ ಮೂರು ವರ್ಷದ ತರಬೇತಿ ಒಬ್ಬ ಹಿರಿಯರ ಕೈಕೆಳಗೆ ಎಂದು ಬಹಳ ಕಾಲ ಇತ್ತು, ಈಗ ಎರಡು ವರ್ಷವಾಗಿದೆ, ಅದಿಲ್ಲದೆ ಸಹಿ ಹಾಕುವ ಹಾಗಿಲ್ಲ. ನಮ್ಮ ಮಕ್ಕಳು ಒಂದು ದಿನ ಬಸ್ಸಿನಲ್ಲಿ ಹೋಗಿ, ಸಂಸ್ಕರಣಾ ಘಟಕದ ಮುಂದೆ ಗುಂಪು ಚಿತ್ರ ತೆಗೆಸಿಕೊಂಡು, ದಾರಿಯಲ್ಲಿ ಜಲಪಾತ ನೋಡಿಕೊಂಡು ಬರುತ್ತಾರೆ.

ಹಾಗಾಗಿ ನಾನು ಕೇಳುವುದು ಮುಖ್ಯವಾಗಿ ಒಂದೇ. ಎಂ.ಎಸ್ಸಿ.ಯ ನಾಲ್ಕನೆಯ ಸೆಮಿಸ್ಟರನ್ನು ಪೂರ್ತಿಯಾಗಿ ಹೊರಗೆ ಕಳಿಸಿ. ಪ್ರಬಂಧಕ್ಕೆಂದು ಈಗ ಇಟ್ಟಿರುವ ಆ ತಿಂಗಳುಗಳಲ್ಲಿ ಎಷ್ಟು ಮಂದಿ ಹಿಂದಿನ ವರ್ಷದವರ ಪ್ರಬಂಧದಲ್ಲಿ ಕೆರೆಯ ಹೆಸರು ಬದಲಿಸುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದರ ಬದಲು ಒಂದು ನಗರಸಭೆಯ ಕೊಳಚೆ ಸಂಸ್ಕರಣಾ ಘಟಕ, ಒಂದು ಆಸ್ಪತ್ರೆ ತ್ಯಾಜ್ಯದ ಘಟಕ, ಒಂದು ಸಕ್ಕರೆ ಕಾರ್ಖಾನೆ, ಪೀಣ್ಯದ ಒಂದು ಲೋಹಲೇಪನದ ಶೆಡ್ಡು, ಯಾವುದಾದರೂ ಸರಿ. ನಾಲ್ಕು ತಿಂಗಳು ದಿನವೂ ಹೋಗಲಿ, ದಿನವೂ ಒಂದು ಸಿಲಿಂಡರ್ ತುಂಬಲಿ, ದಿನಚರಿ ಬರೆಯಲಿ. ಆಪರೇಟರ್ ಅಣ್ಣನಿಂದ ಕಲಿಯಲಿ. ಆ ಅಣ್ಣನಿಗೆ ವಿಶ್ವವಿದ್ಯಾಲಯ ಗೌರವಧನ ಕೊಡಲಿ, ಹೊರಗಿನ ಪರೀಕ್ಷಕರಿಗೆ ಕೊಡುವಷ್ಟೇ. ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎನ್ನಬೇಡಿ. ನನಗೆ ಆಗಿದೆ. ಶೌಚಾಲಯ ಇರುವ, ಬಸ್ಸು ಹೋಗುವ ಘಟಕ ನೋಡಿ ಕಳಿಸಿ, ಇಬ್ಬಿಬ್ಬರಾಗಿ ಕಳಿಸಿ, ಅಷ್ಟು ಸಾಕು. ಯಾವ ಕಾರ್ಖಾನೆ ಒಳಗೆ ಬಿಡುತ್ತದೆ ಎನ್ನುತ್ತೀರಿ. ಒಂದು ಮಾತು ನಂಬಿ: ಕಾರ್ಖಾನೆಗಳು ವರ್ಷಕ್ಕೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕಾದ ಪರಿಸರ ತಖ್ತೆಯ ನಮೂನೆ 5ನ್ನು ಸಂಬಳ ಇಲ್ಲದೆ ಸೆಪ್ಟೆಂಬರ್ 30ರೊಳಗೆ ತುಂಬಿಕೊಡುವ ಹುಡುಗ ಸಿಗುತ್ತಾನೆ ಅಂದರೆ ಎಷ್ಟೋ ಕಾರ್ಖಾನೆಗಳು ಗೇಟಿನಲ್ಲೇ ಕಾಯುತ್ತವೆ. ಅದಕ್ಕೇ ಒಂದಿಷ್ಟು ಭತ್ಯೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿ, ಇಲ್ಲವಾದರೆ ಪುಕ್ಕಟೆ ದುಡಿಸಿಕೊಳ್ಳುತ್ತಾರೆ.

ಸಮ್ಮತಿ ಪತ್ರ ಓದುವುದನ್ನೂ ಕಲಿಸಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಕಾಯ್ದೆ ಇವುಗಳ ಇಸವಿ ಎಲ್ಲರ ಬಾಯಲ್ಲೂ ಇದೆ. ಆ ಕಾಯ್ದೆಗಳ ಕೆಳಗೆ ಒಂದು ಅಕ್ಕಿ ಗಿರಣಿಗೆ ಬಂದ ನಾಲ್ಕು ಪುಟದ ಸಮ್ಮತಿ ಪತ್ರವನ್ನು ಕೈಯಲ್ಲಿ ಹಿಡಿದವರು ಕಡಿಮೆ.

ಮತ್ತೆ ಕನ್ನಡ. 2006ರ ಅಧಿಸೂಚನೆಯ ಪ್ರಕಾರ ಪರಿಸರ ಪರಿಣಾಮ ವರದಿಯ ಸಾರಾಂಶ ರಾಜ್ಯದ ಭಾಷೆಯಲ್ಲಿ ಇರಬೇಕು, ಜನರ ಅಹವಾಲು ಕೇಳುವ ಸಭೆಗೆ ಮುಂಚೆಯೇ ಅವರ ಕೈಗೆ ಸಿಗಬೇಕು. ಅಂಥ ಎಷ್ಟೋ ಸಾರಾಂಶಗಳನ್ನು ನೋಡಿದ್ದೇನೆ. ಯಂತ್ರಕ್ಕೆ ಕೊಟ್ಟು ತಿರುಗಿಸಿದ ಕನ್ನಡ. ಒಂದರಲ್ಲಿ ಕೊಳವೆಬಾವಿಯ ಇಳುವರಿ ಅಂತ ಇರಬೇಕಾದಲ್ಲಿ ಬೇಸರದ ಬಾವಿಯ ಇಳುವರಿ ಅಂತ ಇತ್ತು. ಮಧ್ಯ ಕರ್ನಾಟಕದ ಒಂದು ಸಭೆಯಲ್ಲಿ ಬಿಳಿ ಪಂಚೆಯ ಯಜಮಾನರೊಬ್ಬರು ಎದ್ದು, "ನಮ್ಮ ಬಾವಿ ನೀರು ಎಷ್ಟು ಕೆಳಗೆ ಹೋಗುತ್ತೆ, ಅಷ್ಟು ಹೇಳಿ ಸಾಕು," ಅಂತ ಕೇಳಿದರು. ವೇದಿಕೆ ಮೇಲಿದ್ದ ಸಲಹೆಗಾರರು ಇಂಗ್ಲಿಷಿನಲ್ಲಿ ಜಲಭೂವಿಜ್ಞಾನದ ಒಂದು ಸ್ಲೈಡ್ ತೋರಿಸಿದರು. ಯಜಮಾನರು ಕೂತುಕೊಂಡರು. ಆ ಉತ್ತರ ಸ್ಲೈಡಿನಲ್ಲಿತ್ತು, ಎರಡರಿಂದ ಮೂರು ಮೀಟರ್ ಅಂತ. ಅದನ್ನು ಹೇಳುವವರಿರಲಿಲ್ಲ. ಇಂಗ್ಲಿಷ್ ಬಾರದ್ದಕ್ಕೆ ಸಂದರ್ಶನದಲ್ಲಿ ತೊದಲುವ ನಿಮ್ಮ ಹುಡುಗರು ಆ ವೇದಿಕೆಯಲ್ಲಿ ಎಲ್ಲರಿಗಿಂತ ಬೆಲೆಬಾಳುವವರು. ಒಂದು ವರದಿಯನ್ನು ಎರಡು ಪುಟದ ಕನ್ನಡಕ್ಕೆ ಇಳಿಸುವುದನ್ನು ಒಂದು ಅಭ್ಯಾಸವಾಗಿ ಇಡಿ, ಅಂಕ ಕೊಡಿ.

ಯಾವುದನ್ನು ತೆಗೆಯಬೇಕು ಅಂತ ಕೇಳಬಹುದು. ಪರಿಸರ ಎಂಬ ಪದದ ಅರ್ಥ ಮತ್ತು ವ್ಯಾಪ್ತಿ, ಅದು ಪಿಯುಸಿಯಲ್ಲೂ ಇದೆ, ಬಿ.ಎಸ್ಸಿ.ಯಲ್ಲೂ ಇದೆ, ಎಂ.ಎಸ್ಸಿ.ಯ ಮೊದಲ ಘಟಕದಲ್ಲೂ ಇದೆ. ಅದನ್ನು ತೆಗೆಯಿರಿ.

ನಿಮ್ಮ ಮುಂದಿನ ಸಭೆಗೆ ಕರೆದರೆ ಬರುತ್ತೇನೆ. ಪ್ರಯಾಣ ಭತ್ಯೆ ಬೇಡ. ಸಾವಿರ ಮಿಲಿಯ ಒಂದು ಸಿಲಿಂಡರನ್ನೂ ಮುಚ್ಚಳ ಇರುವ ಬಕೆಟಿನಲ್ಲಿ ಅರ್ಧದಷ್ಟು ಏರೇಶನ್ ಟ್ಯಾಂಕಿನ ನೀರನ್ನೂ ತರುತ್ತೇನೆ. ಸಿರವಾರದ ಅಣ್ಣ ರಜೆ ಸಿಕ್ಕರೆ ತಾನೂ ಬರುವುದಾಗಿ ಹೇಳಿದ್ದಾರೆ. ನಮಗೆ ಮೂವತ್ತು ನಿಮಿಷ ಬೇಕು, ಆ ಹೊತ್ತಿಗೆ ಚಹಾ ಇಟ್ಟುಕೊಳ್ಳಬಹುದು. ಕಿಟಕಿಗಳನ್ನು ಮಾತ್ರ ತೆರೆದಿಡಿ.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು
ಬೆಂಗಳೂರು